ಪರವಾನಿಗೆಯೂ ಪ್ರಯಾಣಿಕನ ಭಾಷೆಯೂ

ಅಕ್ಕಲಕೋಟ ರೋಡ್ ನಿಲ್ದಾಣದಲ್ಲಿ ರೈಲು ಇಳಿದ ಯಾತ್ರಿಕನಿಗೆ ಸ್ವಾಮಿ ಸಮರ್ಥರ ಸನ್ನಿಧಿ ಕೂಡಲೇ ಸಿಕ್ಕುವುದಿಲ್ಲ. ನಿಲ್ದಾಣ ಒಂದು ಕಡೆ, ಪಟ್ಟಣ ಇನ್ನೊಂದು ಕಡೆ. ನಡುವಿನ ದಾರಿಯನ್ನು ಬಸ್ಸಿನಲ್ಲಿಯೋ ರಿಕ್ಷಾದಲ್ಲಿಯೋ ಕ್ರಮಿಸಬೇಕು. ಪುಣೆ, ಮುಂಬೈ ಕಡೆಯಿಂದ ಬಂದವರು ಮರಾಠಿಯಲ್ಲಿ ಬಾಡಿಗೆ ಕೇಳುತ್ತಾರೆ. ಕಲಬುರಗಿ, ಅಫಜಲಪುರ, ಇಂಡಿ ಕಡೆಯವರು ಕನ್ನಡದಲ್ಲಿ ಕೇಳುತ್ತಾರೆ. ಹೈದರಾಬಾದಿನ ದಿಕ್ಕಿನಿಂದ ಬಂದವರು ತೆಲುಗಿನಲ್ಲಿಯೋ ಹಿಂದಿಯಲ್ಲಿಯೋ ಮಾತು ತೆಗೆಯುತ್ತಾರೆ. ಈ ಭಾಗದ ಚಾಲಕನು ಎದುರಿನವರ ಮುಖ ನೋಡಿ ಮಾತು ಬದಲಿಸುತ್ತಾನೆ. ಯಾವ ಕಚೇರಿಯೂ ಅವನಿಗೆ ಇದನ್ನು ಕಲಿಸಿಲ್ಲ. ಇದು ಗಡಿನಾಡಿನ ಮನೆ, ಸಂತೆ, ಶಾಲೆಗಳು ಕೊಟ್ಟ ವಿದ್ಯೆ.

ಚಪಳಗಾಂವದಂತಹ ಗ್ರಾಮಗಳಲ್ಲಿ ಮಳೆಯನ್ನೇ ನಂಬಿದ ಬೇಸಾಯವು ಮನೆಯ ಎಲ್ಲ ಮಕ್ಕಳಿಗೂ ಅನ್ನ ಕೊಡಲಾರದು. ಆದುದರಿಂದ ಹತ್ತನೆಯ ಇಯತ್ತೆ ಮುಗಿಸಿದ ಕೆಲವರು ವಾಹನದ ಕಡೆಗೆ ನೋಡುವುದು ಸಹಜ. ಆಗ ಕನ್ನಡ ಶಾಲೆಗೆ ಮಕ್ಕಳನ್ನು ಕಳಿಸಿದ ತಾಯಿತಂದೆಯರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುತ್ತದೆ: ಕನ್ನಡದಲ್ಲಿ ಕಲಿತದ್ದು ನಾಳೆ ಮಗನ ಪರವಾನಿಗೆಗೆ ಅಡ್ಡ ಬರುವುದೇ? ಈ ಪ್ರಶ್ನೆಗೆ ಭಯದಿಂದಲ್ಲ, ಕಾನೂನಿನ ತಿಳಿವಳಿಕೆಯಿಂದ ಉತ್ತರ ಹುಡುಕಬೇಕಾಗಿದೆ.

ಮೊದಲು ಯಾರ ಕೈಯಲ್ಲಿ ಏನಿದೆ ಎಂಬುದು ಸ್ಪಷ್ಟವಾಗಬೇಕು. ಇಂಗ್ಲೆಂಡಿನ ಅನೇಕ ಊರುಗಳಲ್ಲಿ ಟ್ಯಾಕ್ಸಿ ಪರವಾನಿಗೆಯನ್ನು ಸ್ಥಳೀಯ ಪರಿಷತ್ತೇ ಕೊಡುತ್ತದೆ. ನಮ್ಮ ದೇಶದಲ್ಲಿ ಹಾಗಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಈ ಅಧಿಕಾರ ಸಾರಿಗೆ ಇಲಾಖೆಯದು, ಎಂ.ಎಚ್. 13 ಎಂಬ ಸಂಖ್ಯೆಯ ವಾಹನಗಳಿಗೆ ಸೊಲ್ಲಾಪುರದ ಕಚೇರಿಯೇ ದಿಕ್ಕು. ಅಲ್ಲಿ ಮೂರು ಸಂಗತಿಗಳು ಬೇರೆ ಬೇರೆಯಾಗಿವೆ. ಲೈಸೆನ್ಸ್ ಎಂಬುದು ವಾಹನ ನಡೆಸಲು ವ್ಯಕ್ತಿಗೆ ಕೊಟ್ಟ ಅನುಮತಿ. ಬ್ಯಾಜ್ ಎಂಬುದು ಪ್ರಯಾಣಿಕರನ್ನು ಒಯ್ಯುವ ಚಾಲಕನ ಗುರುತು. ಪರ್ಮಿಟ್ ಎಂಬುದು ಬಾಡಿಗೆಗೆ ಓಡಲು ವಾಹನಕ್ಕೆ ಕೊಟ್ಟ ಅನುಮತಿ. ಈ ಮೂರನ್ನೂ ಒಂದೆಂದು ತಿಳಿದವರೇ ಹೆಚ್ಚಾಗಿ ಮಧ್ಯವರ್ತಿಗಳ ಕೈಗೆ ಸಿಕ್ಕಿ ಹಣ ಕಳೆದುಕೊಳ್ಳುತ್ತಾರೆ.

ಶುಲ್ಕದ ಲೆಕ್ಕವೂ ಗುಟ್ಟಿನದಲ್ಲ. 2016ರ ಡಿಸೆಂಬರ್‌ನಲ್ಲಿ ಕೇಂದ್ರ ಸರಕಾರ ಪರಿಷ್ಕರಿಸಿದ ನಿಯಮದಂತೆ ಒಂದು ವರ್ಗದ ವಾಹನಕ್ಕೆ ಕಲಿಕಾ ಲೈಸೆನ್ಸಿಗೆ 150 ರೂಪಾಯಿ, ಅದರ ಪರೀಕ್ಷೆಗೆ 50, ವಾಹನ ನಡೆಸಿ ತೋರಿಸುವ ಪರೀಕ್ಷೆಗೆ 300, ಲೈಸೆನ್ಸ್ ನೀಡಿಕೆಗೆ 200. ಒಟ್ಟು 700 ರೂಪಾಯಿ. ಸ್ಮಾರ್ಟ್ ಕಾರ್ಡ್ ಮುಂತಾದ ಸಣ್ಣ ವೆಚ್ಚಗಳು ಇದರ ಮೇಲೆ ಸೇರಬಹುದು. ಇದಕ್ಕಿಂತ ಬಹಳ ದೊಡ್ಡ ಮೊತ್ತ ಕೇಳುವವರ ಬಳಿ ರಸೀದಿ ಕೇಳುವುದು ಪ್ರತಿಯೊಬ್ಬರ ಹಕ್ಕು.

ತರಬೇತಿಯ ವಿಷಯದಲ್ಲಿ ಹೊಸದೊಂದು ದಾರಿ ತೆರೆದಿದೆ. 2021ರ ಜುಲೈ 1ರಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ ಮಾನ್ಯತೆ ಪಡೆದ ಚಾಲನಾ ತರಬೇತಿ ಕೇಂದ್ರಗಳಲ್ಲಿ ಲಘು ವಾಹನಕ್ಕೆ 4 ವಾರಗಳೊಳಗೆ 29 ಗಂಟೆಗಳ ಪಾಠವಿರುತ್ತದೆ. ಅದರಲ್ಲಿ 8 ಗಂಟೆ ತಿಳಿವಳಿಕೆ, 21 ಗಂಟೆ ಅಭ್ಯಾಸ. ಅಲ್ಲಿ ಉತ್ತೀರ್ಣನಾದವನಿಗೆ ಸಾರಿಗೆ ಕಚೇರಿಯ ಚಾಲನಾ ಪರೀಕ್ಷೆಯಿಂದ ವಿನಾಯಿತಿ ಇದೆ. ಸಾರಿಗೆ ವಾಹನ ನಡೆಸಲು ಎಂಟನೆಯ ಇಯತ್ತೆ ಪಾಸಾಗಿರಬೇಕೆಂಬ ಷರತ್ತನ್ನು 2019ರಲ್ಲಿ ಕೇಂದ್ರ ಸರಕಾರವೇ ತೆಗೆದುಹಾಕಿತು. 2024ರ ನವೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು, ಲಘು ವಾಹನದ ಲೈಸೆನ್ಸ್ ಉಳ್ಳವನು 7,500 ಕಿಲೋಗ್ರಾಂ ಒಳಗಿನ ಸಾರಿಗೆ ವಾಹನ ನಡೆಸಲು ಲೈಸೆನ್ಸಿನಲ್ಲಿ ಬೇರೆ ನಮೂದು ಬೇಡವೆಂದು ತೀರ್ಪಿತ್ತಿತು.

ಆದರೆ ಆ ತೀರ್ಪು ಪರ್ಮಿಟ್ಟನ್ನು ರದ್ದು ಮಾಡಿಲ್ಲ. ಈ ಭಾಗದಲ್ಲಿ 'ವಡಾಪ' ಎಂದು ಕರೆಯುವ, ಪರ್ಮಿಟ್ ಇಲ್ಲದೆ ಜನರನ್ನು ತುಂಬಿಕೊಂಡು ಓಡುವ ವಾಹನ ಈಗಲೂ ಅಪರಾಧವೇ. ಕಾಯ್ದೆಯ 192-ಎ ಕಲಮಿನಂತೆ ಮೊದಲ ಸಲವೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ ಸಾಧ್ಯ. ಅಪಘಾತವಾದರೆ ವಿಮಾ ಕಂಪನಿಯು ಪರ್ಮಿಟ್ ಇಲ್ಲವೆಂಬ ಕಾರಣವನ್ನೇ ಮುಂದೊಡ್ಡುತ್ತದೆ. ಆಗ ಪರಿಹಾರದ ಭಾರ ಸಾಲ ಮಾಡಿ ವಾಹನ ಕೊಂಡ ಮನೆಯ ಮೇಲೆಯೇ ಬೀಳಬಹುದು.

ಇನ್ನು ಭಾಷೆಯ ಮಾತು. 2015ರಲ್ಲಿ ಮಹಾರಾಷ್ಟ್ರದ ಆಗಿನ ಸಾರಿಗೆ ಸಚಿವ ದಿವಾಕರ ರಾವತೆ ಅವರು ಮರಾಠಿ ಬಲ್ಲವರಿಗೆ ಮಾತ್ರ ರಿಕ್ಷಾ ಪರ್ಮಿಟ್ ಎಂದು ಸಾರಿದರು. 2016ರ ಫೆಬ್ರವರಿಯಲ್ಲಿ ಅದೇ ಅರ್ಥದ ಸುತ್ತೋಲೆ ಹೊರಟಿತು. ರಿಕ್ಷಾ ಚಾಲಕರು ನ್ಯಾಯಾಲಯದ ಮೆಟ್ಟಿಲೇರಿದರು. 2017ರ ಮಾರ್ಚ್ 1ರಂದು ಮುಂಬೈ ಉಚ್ಚ ನ್ಯಾಯಾಲಯವು ಆ ಸುತ್ತೋಲೆಯನ್ನು ರದ್ದುಪಡಿಸಿತು. ಆಟೋರಿಕ್ಷಾ ಪರ್ಮಿಟ್ಟಿಗೆ ಅಂತಹ ಷರತ್ತು ಹಾಕಲು ಆಗಿನ ನಿಯಮಗಳಲ್ಲಿ ಆಧಾರವಿಲ್ಲ ಎಂಬುದು ತೀರ್ಪಿನ ಸಾರ. ಮರಾಠಿ ಬೇಡವೆಂದು ನ್ಯಾಯಾಲಯ ಹೇಳಲಿಲ್ಲ. ನಿಯಮದಲ್ಲಿ ಇಲ್ಲದುದನ್ನು ಸುತ್ತೋಲೆಯಿಂದ ಹೇರಬಾರದು ಎಂದಿತು. ಈ ಭೇದವನ್ನು ಮರೆಯಬಾರದು.

ವಿಚಿತ್ರವೆಂದರೆ, ಅದೇ ವಾರ ಲಂಡನ್ನಿನಲ್ಲಿಯೂ ಇಂತಹದೇ ಮೊಕದ್ದಮೆಯ ತೀರ್ಪು ಬಂತು. ಅಲ್ಲಿಯ ಸಾರಿಗೆ ಸಂಸ್ಥೆಯು ಖಾಸಗಿ ಬಾಡಿಗೆ ಕಾರು ನಡೆಸುವವರು ಇಂಗ್ಲಿಷ್ ಮಾತನಾಡಲು, ಓದಲು, ಬರೆಯಲು ಬಲ್ಲೆವೆಂದು ತೋರಿಸಬೇಕೆಂದು ನಿಯಮ ಮಾಡಿತ್ತು. ವಾಹನ ನಡೆಸುವವನಿಗೆ ಬರವಣಿಗೆಯ ಪರೀಕ್ಷೆ ಏಕೆ ಎಂದು ಉಬರ್ ಕಂಪನಿ ಪ್ರಶ್ನಿಸಿತು. 2017ರ ಮಾರ್ಚ್ 3ರಂದು ನ್ಯಾಯಾಲಯವು ನಿಯಮವನ್ನು ಎತ್ತಿಹಿಡಿಯಿತು. ಕಾರಣ ಪ್ರಯಾಣಿಕರ ಸುರಕ್ಷತೆ: ಸಂಕಟದ ಹೊತ್ತಿನಲ್ಲಿ ಕಾರಿನಲ್ಲಿ ಕುಳಿತವನ ಮಾತು ಚಾಲಕನಿಗೆ ತಿಳಿಯಬೇಕು. ಆ ಮೇಲೆಯೂ ಸಂಸ್ಥೆಯು ಚಾಲಕರಿಗೆ ಸಮಯ ಕೊಟ್ಟಿತು, ಗಡುವನ್ನು ಮುಂದೂಡಿತು. ಅದೇ ನಗರದ ಕಪ್ಪು ಟ್ಯಾಕ್ಸಿಯ ಚಾಲಕನು 320 ಮಾರ್ಗಗಳನ್ನೂ ಅವುಗಳ ಸುತ್ತಲಿನ ಸಹಸ್ರಾರು ಬೀದಿಗಳನ್ನೂ ಕಂಠಪಾಠ ಮಾಡಿ ಹಸಿರು ಬ್ಯಾಜ್ ಪಡೆಯುತ್ತಾನೆ. 1865ರಿಂದ ನಡೆದು ಬಂದ ಆ ಪರೀಕ್ಷೆಯ ಹೆಸರೇ 'ನಾಲೆಡ್ಜ್', ಅಂದರೆ ಜ್ಞಾನ.

ಎರಡು ತೀರ್ಪುಗಳು ಮೇಲ್ನೋಟಕ್ಕೆ ವಿರುದ್ಧವಾಗಿ ಕಂಡರೂ ಒಂದೇ ಪಾಠವನ್ನು ಹೇಳುತ್ತವೆ. ಚಾಲಕನಿಗೆ ಭಾಷೆ ಬೇಕು ಎಂಬ ಬೇಡಿಕೆ ಅನ್ಯಾಯವಲ್ಲ. ಅದು ನಿಯಮದ ದಾರಿಯಿಂದ ಬರಬೇಕು, ಕಲಿಯಲು ಅವಕಾಶ ಕೊಟ್ಟು ಬರಬೇಕು, ಪ್ರಯಾಣಿಕನ ಹಿತವೇ ಅದರ ಅಳತೆಗೋಲಾಗಿರಬೇಕು. ಚಾಲಕನು ಯಾವ ಮನೆಯಲ್ಲಿ ಹುಟ್ಟಿದ, ಯಾವ ಮಾಧ್ಯಮದಲ್ಲಿ ಓದಿದ ಎಂಬುದು ಅಳತೆಗೋಲಾಗಬಾರದು.

ಈ ಅಳತೆಗೋಲನ್ನು ಅಕ್ಕಲಕೋಟ ತಾಲೂಕಿಗೆ ಹಿಡಿದರೆ ಫಲಿತಾಂಶ ಸ್ಪಷ್ಟ. ಇಲ್ಲಿ ಪ್ರಯಾಣಿಕರು ಎರಡು ಭಾಷೆಯವರು. ಆದುದರಿಂದ ಚಾಲಕನಿಗೆ ಎರಡೂ ಭಾಷೆ ಬೇಕು. ಹೆರಿಗೆಯ ನೋವಿನಲ್ಲಿರುವ ಹೆಣ್ಣುಮಗಳನ್ನು ರಾತ್ರಿ ಹೊತ್ತು ಸೊಲ್ಲಾಪುರದ ಆಸ್ಪತ್ರೆಗೆ ಒಯ್ಯುವ ಚಾಲಕನಿಗೆ ಅವಳ ತಾಯಿಯ ಕನ್ನಡವೂ ತಿಳಿಯಬೇಕು, ಆಸ್ಪತ್ರೆಯ ಬಾಗಿಲಲ್ಲಿ ಕೇಳುವ ಮರಾಠಿಯೂ ತಿಳಿಯಬೇಕು. ಮರಾಠಿಯೊಂದನ್ನೇ ಬಲ್ಲವನು ಇಲ್ಲಿ ಅರ್ಧ ಚಾಲಕ. ಕನ್ನಡವೊಂದನ್ನೇ ಬಲ್ಲವನೂ ಅಷ್ಟೇ.

ಕನ್ನಡ ಶಾಲೆಯ ಮಗುವಿನ ಬಳಿ ಈ ಎರಡೂ ಇವೆ. 2020ರ ರಾಜ್ಯ ಕಾಯ್ದೆಯು ಮಾಧ್ಯಮ ಯಾವುದೇ ಇರಲಿ, ಒಂದರಿಂದ ಹತ್ತನೆಯ ಇಯತ್ತೆಯವರೆಗೆ ಮರಾಠಿ ಕಲಿಕೆಯನ್ನು ಕಡ್ಡಾಯ ಮಾಡಿದೆ. ಹೀಗೆ ಹತ್ತು ವರ್ಷ ಮರಾಠಿಯನ್ನು ವಿಷಯವಾಗಿ ಓದಿ ಪಾಸಾದ ವಿದ್ಯಾರ್ಥಿಯ ಗುಣಪತ್ರಿಕೆಗಿಂತ ಉತ್ತಮ ಸಾಕ್ಷಿ ಯಾವುದಿದೆ? ಎಂದಾದರೂ ಭಾಷಾ ಪರೀಕ್ಷೆ ಬಂದರೆ ಆ ಗುಣಪತ್ರಿಕೆಯನ್ನೇ ಸಾಕ್ಷಿಯಾಗಿ ಒಪ್ಪಬೇಕೆಂದು ಪಾಲಕರು ಕೇಳುವುದು ನ್ಯಾಯವಾಗಿದೆ. ಮಕ್ಕಳ ಮರಾಠಿ ತಾಸನ್ನು ಹಗುರವಾಗಿ ಕಾಣುವ ಮನೆಗಳು ಮಾತ್ರ ಎಚ್ಚರಗೊಳ್ಳಬೇಕು. ಹಾಗೆಯೇ ಮರಾಠಿಯ ಭಯದಿಂದ ಮಗುವನ್ನು ಕನ್ನಡ ಶಾಲೆಯಿಂದ ಬಿಡಿಸುವವರು, ಅದರ ಅರ್ಧ ಬಂಡವಾಳವನ್ನು ತಾವೇ ಕಳೆಯುತ್ತಿದ್ದಾರೆ ಎಂದು ತಿಳಿಯಬೇಕು.

ನಗರ ಪರಿಷತ್ತಿಗೆ ಪರವಾನಿಗೆ ಕೊಡುವ ಅಧಿಕಾರವಿಲ್ಲದಿದ್ದರೂ ಅದರ ಕೈ ಬರಿದಲ್ಲ. ಕಾಯ್ದೆಯ 117ನೆಯ ಕಲಮಿನಂತೆ ವಾಹನ ನಿಲ್ದಾಣಗಳ ಸ್ಥಳ ಗೊತ್ತುಮಾಡುವಾಗ ಸ್ಥಳೀಯ ಸಂಸ್ಥೆಯೊಡನೆ ಸಮಾಲೋಚಿಸಬೇಕು. ನಿಲ್ದಾಣವಿದ್ದಲ್ಲಿ ಫಲಕವೂ ಬೇಕು. ಆ ಫಲಕದಲ್ಲಿ ಬಾಡಿಗೆಯ ದರವೂ ದೂರು ಕೊಡುವ ಸ್ಥಳವೂ ಎರಡು ಲಿಪಿಗಳಲ್ಲಿ ಇರಬಾರದೇಕೆ? ಅಕೋಲಾ ಜಿಲ್ಲೆಯ ಪಾತೂರ ನಗರ ಪರಿಷತ್ತು ತನ್ನ ನಾಮಫಲಕದಲ್ಲಿ ಮರಾಠಿಯ ಜೊತೆಗೆ ಉರ್ದು ಬರೆಸಿದ್ದು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಸ್ಥಳೀಯ ಸಂಸ್ಥೆಗಳ ಭಾಷೆಯನ್ನು ಕುರಿತ 2022ರ ರಾಜ್ಯ ಕಾಯ್ದೆಯು ಮರಾಠಿಯೊಡನೆ ಇನ್ನೊಂದು ಭಾಷೆಯನ್ನು ಬಳಸುವುದನ್ನು ನಿಷೇಧಿಸಿಲ್ಲವೆಂದು 2025ರ ಏಪ್ರಿಲ್ 15ರಂದು ನ್ಯಾಯಾಲಯ ಹೇಳಿತು. ಪಾತೂರಿನಲ್ಲಿ ಉರ್ದುವಿಗೆ ಸಲ್ಲುವುದು ಅಕ್ಕಲಕೋಟದಲ್ಲಿ ಕನ್ನಡಕ್ಕೂ ಸಲ್ಲುತ್ತದೆ.

ಇದಕ್ಕಾಗಿ ಜಗಳ ಬೇಕಿಲ್ಲ, ಒಂದು ಅರ್ಜಿ ಸಾಕು. ಸಂವಿಧಾನದ 350ನೆಯ ಅನುಚ್ಛೇದವು ಯಾವ ನಾಗರಿಕನೂ ತನ್ನ ಅಹವಾಲನ್ನು ಒಕ್ಕೂಟದಲ್ಲಿಯೋ ರಾಜ್ಯದಲ್ಲಿಯೋ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಬಹುದೆನ್ನುತ್ತದೆ. ಪಾಲಕರ ಸಭೆಯಲ್ಲಿ ಸಿದ್ಧವಾದ ಅರ್ಜಿಯೊಂದು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಬರೆಯಲ್ಪಟ್ಟು ನಗರ ಪರಿಷತ್ತಿಗೆ ಮುಟ್ಟಿದರೆ, ಅದನ್ನು ಬರೆದ ಮಕ್ಕಳ ಎರಡು ಭಾಷೆಯ ಪರೀಕ್ಷೆ ಅಲ್ಲಿಗೇ ಮುಗಿದಂತೆ. ನಿಲ್ದಾಣದ ಫಲಕದಲ್ಲಿ ಬಾಡಿಗೆಯನ್ನು ತನ್ನ ಲಿಪಿಯಲ್ಲಿ ಓದಿಕೊಂಡ ಅಫಜಲಪುರದ ಮುದುಕಿಯೊಬ್ಬಳು ಯಾರನ್ನೂ ಕೇಳದೆ ಸರಿಯಾದ ಹಣ ಎಣಿಸಿ ಕೊಟ್ಟ ದಿನ, ಆ ಅರ್ಜಿಗೆ ಉತ್ತರ ದೊರೆತಂತಾಗುವುದು.