ಹಳೆಯ ಲೆಕ್ಕ ತೀರದೆ ಹೊಸ ಗುದ್ದಲಿ ಬೇಡ

ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿಗೆ ಸೇರಿದ ನುಗ್ಗೇಹಳ್ಳಿಯನ್ನು ನಮ್ಮ ನಾಡಿನ ಬಹುಮಂದಿ ಬಲ್ಲುದು ಅಲ್ಲಿಯ ದೇವಾಲಯದಿಂದ. ಹೊಯ್ಸಳ ವೀರ ಸೋಮೇಶ್ವರನ ಕಾಲದಲ್ಲಿ, 1246ರಲ್ಲಿ, ಬೊಮ್ಮಣ್ಣ ದಂಡನಾಯಕನು ಕಟ್ಟಿಸಿದ ಲಕ್ಷ್ಮೀನರಸಿಂಹನ ಗುಡಿಯಲ್ಲಿ ಬೈಚೋಜ, ಮಲ್ಲಿತಮ್ಮರೆಂಬ ರೂವಾರಿಗಳ ಉಳಿಯ ಕೆಲಸವನ್ನು ನೋಡಿ ತಲೆದೂಗದವರಿಲ್ಲ. ಆದರೆ ಪರದೇಶಗಳ ಭೂಗರ್ಭಶಾಸ್ತ್ರಜ್ಞರು ಇದೇ ಹೆಸರನ್ನು ಬಲ್ಲುದು ಬೇರೊಂದು ಕಾರಣದಿಂದ. ಸುಮಾರು 60 ಕಿಲೋಮೀಟರು ಉದ್ದವೂ ಒಂದೆರಡು ಕಿಲೋಮೀಟರು ಅಗಲವೂ ಆದ, ಮುನ್ನೂರು ಕೋಟಿ ವರ್ಷಗಳಿಗೂ ಹಿಂದಿನ ಒಂದು ಶಿಲಾಪಟ್ಟಿಯು ಅವರ ಗ್ರಂಥಗಳಲ್ಲಿ ನುಗ್ಗೇಹಳ್ಳಿಯ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಆ ಕಲ್ಲಿನ ಒಡಲಲ್ಲಿ ಕ್ರೋಮೈಟ್ ಇದೆ. ವೆನೇಡಿಯಂ ಬೆರೆತ ಟೈಟಾನಿಯಂ ಕಬ್ಬಿಣದ ಅದಿರೂ ಇದೆ. ಹೀಗೆ ಒಂದೇ ಊರಿಗೆ ಎರಡು ಕೀರ್ತಿಗಳು. ಮೊದಲನೆಯ ಕೀರ್ತಿ ಊರಿನಲ್ಲಿಯೇ ನಿಂತಿದೆ; ಎರಡನೆಯದು ಲಾರಿಯನ್ನೇರಿ ಊರು ಬಿಟ್ಟು ಹೋಗಿದೆ. ಈ ಎರಡನೆಯ ಕೀರ್ತಿಯ ಲೆಕ್ಕವನ್ನು ಕೇಳುವುದಕ್ಕಾಗಿಯೇ ನಾವು ಇಂದು ಲೇಖನಿಯನ್ನು ಹಿಡಿದಿರುವುದು.

ಮೈಸೂರು ಸಂಸ್ಥಾನದ ಭೂಗರ್ಭ ಇಲಾಖೆಯು 1894ರಲ್ಲಿ ಸ್ಥಾಪಿತವಾದಂದಿನಿಂದ ಈ ಸೀಮೆಯ ಖನಿಜಗಳ ಶೋಧನೆ ನಡೆದುಬಂದಿತು. ಬೈರಾಪುರ, ಜಂಬೂರು, ತಗಡೂರು ಮೊದಲಾದ ಊರುಗಳ ಹೆಸರು ಖನಿಜಪಟ್ಟಿಕೆಗಳಿಗೆ ಏರಿತು. 1966ರಲ್ಲಿ ಸರಕಾರವು ಮೈಸೂರು ಮಿನರಲ್ಸ್ ಎಂಬ ತನ್ನದೇ ಕಂಪನಿಯನ್ನು ಸ್ಥಾಪಿಸಿತು. ಬೈರಾಪುರದ ಕ್ರೋಮೈಟನ್ನು ನೆಲದಾಳಕ್ಕೆ ಇಳಿದು ತೆಗೆದ ಕೆಲಸವು ಆ ಕಂಪನಿಯದು. ಕ್ರೋಮೈಟ್ ಇಲ್ಲದೆ ತುಕ್ಕುಹಿಡಿಯದ ಉಕ್ಕಿಲ್ಲ. ಕುಲುಮೆಯ ತಾಪವನ್ನು ತಡೆಯುವ ಇಟ್ಟಿಗೆಗೂ, ಚರ್ಮ ಹದಮಾಡುವ ಉಪ್ಪಿಗೂ ಅದೇ ಮೂಲ. ದೇಶಕ್ಕೆ ಅದು ಬೇಕಾಗಿತ್ತು, ಇಂದಿಗೂ ಬೇಕು. ಅದನ್ನು ನಾವು ಅಲ್ಲಗಳೆಯುವವರಲ್ಲ. ನಮ್ಮ ಪ್ರಶ್ನೆ ಇಷ್ಟೇ: ದೇಶಕ್ಕೆ ಉಕ್ಕು ದೊರೆಯಿತು, ಸರಕಾರಕ್ಕೆ ರಾಜಧನ ದೊರೆಯಿತು, ವ್ಯಾಪಾರಿಗೆ ಲಾಭ ದೊರೆಯಿತು; ನೆಲದ ಮೇಲೆ ಬಾಳುವ ಒಕ್ಕಲಿಗನಿಗೆ ದೊರೆತುದೇನು?

ಆತನಿಗೆ ದೊರೆತುದು ಗುಂಡಿ ಮತ್ತು ಗುಡ್ಡೆ. ಅದಿರನ್ನು ಆಯ್ದುಕೊಂಡ ತರುವಾಯ ಉಳಿದ ಪುಡಿಗಲ್ಲಿನ ಗುಡ್ಡೆಗೆ ಬೆಲೆಯಿಲ್ಲ, ಒಡೆಯನಿಲ್ಲ, ಕಾವಲಿಲ್ಲ. ಬೇಸಗೆಯಲ್ಲಿ ಗಾಳಿ ಅದನ್ನು ಹೊತ್ತೊಯ್ಯುತ್ತದೆ; ಮಳೆಗಾಲದಲ್ಲಿ ನೀರು ಅದನ್ನು ತೊಳೆದು ಹಳ್ಳಕ್ಕೂ ಹೊಲಕ್ಕೂ ಇಳಿಸುತ್ತದೆ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ನುಗ್ಗೇಹಳ್ಳಿ ಸೀಮೆಯ ಕ್ರೋಮೈಟ್ ಗಣಿಗಳ ಸುತ್ತಲಿನ ಮಣ್ಣನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವು, ಅಲ್ಲಿ ಕ್ರೋಮಿಯಂ ಮೊದಲಾದ ಲೋಹಗಳು ಮಿತಿಗಿಂತ ಅಧಿಕವಾಗಿರುವುದನ್ನು ತೋರಿಸಿಕೊಟ್ಟಿತು.

ಇದಕ್ಕೆ ಪ್ರತಿವಾದಿಗಳು ಒಂದು ಉತ್ತರವನ್ನು ಸಿದ್ಧಮಾಡಿಟ್ಟಿರುತ್ತಾರೆ: ಆ ಸೀಮೆಯ ಕಲ್ಲಿನಲ್ಲಿಯೇ ಕ್ರೋಮಿಯಂ ಇರುವಾಗ ಮಣ್ಣಿನಲ್ಲಿ ಅದು ಇರುವುದು ಸೃಷ್ಟಿಸಹಜವಲ್ಲವೆ, ಇದಕ್ಕೆ ಗಣಿಯನ್ನು ದೂರುವುದೇಕೆ? ವಾದದಲ್ಲಿ ಅರ್ಧ ಸತ್ಯವಿದೆ. ಅರ್ಧ ಸತ್ಯವು ಪೂರ್ಣ ಸುಳ್ಳಿಗಿಂತ ಅಪಾಯಕಾರಿಯೆಂಬುದನ್ನು ನ್ಯಾಯಾಲಯದ ಮೆಟ್ಟಿಲು ಹತ್ತಿದವರೆಲ್ಲರೂ ಬಲ್ಲರು. ಸೃಷ್ಟಿಯು ಆ ಲೋಹವನ್ನು ಬಂಡೆಯೊಳಗೆ ಬೀಗ ಹಾಕಿ ಇಟ್ಟಿತ್ತು. ಅಲ್ಲಿ ಅದು ನಿರುಪದ್ರವಿಯಾದ ರೂಪದಲ್ಲಿತ್ತು. ಬಂಡೆಯನ್ನು ಒಡೆದು, ಅರೆದು, ಗಾಳಿ ನೀರುಗಳಿಗೆ ಒಡ್ಡಿದರೆ ಅದರಲ್ಲಿ ಒಂದಂಶವು ಷಡ್ವೇಲೆಂಟ್ ಕ್ರೋಮಿಯಂ ಎಂಬ ರೂಪವನ್ನು ತಾಳಬಲ್ಲುದು. ಅದು ನೀರಿನಲ್ಲಿ ಕರಗುತ್ತದೆ, ಕ್ಯಾನ್ಸರಿಗೆ ಕಾರಣವಾಗುತ್ತದೆ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಕ್ರೋಮಿಯಂ 0.05 ಮಿಲಿಗ್ರಾಮನ್ನು ಮೀರಕೂಡದೆಂದು ನಮ್ಮ ದೇಶದ ಮಾನಕವೇ ವಿಧಿಸಿದೆ. ದೇಶದ ಕ್ರೋಮೈಟಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲನ್ನು ಹೊಂದಿರುವ ಒಡಿಶಾದ ಸುಕಿಂದ ಕಣಿವೆಯು 2007ರಲ್ಲಿ ಜಗತ್ತಿನ ಹತ್ತು ಅತಿ ಕಲುಷಿತ ಸ್ಥಳಗಳ ಪಟ್ಟಿಗೆ ಸೇರಿದುದು ಈ ಲೋಹದ ದೆಸೆಯಿಂದಲೇ. ಬೀಗವನ್ನು ಒಡೆದವನು, ಮನೆಯೊಳಗೆ ಮೊದಲೇ ಹಾವಿತ್ತು ಎಂದರೆ ಯಾವ ನ್ಯಾಯಾಧೀಶನು ಒಪ್ಪಿಯಾನು?

ನುಗ್ಗೇಹಳ್ಳಿ ಸೀಮೆಯಲ್ಲಿ ನೀರಿನ ಮಾತು ಮಣ್ಣಿನ ಮಾತಿಗಿಂತಲೂ ಗುರುತರವಾದುದು. ಇದು ಮಲೆನಾಡಲ್ಲ, ರಾಗಿ ಮತ್ತು ತೆಂಗಿನ ಒಣಸೀಮೆ. ಗೊರೂರಿನಲ್ಲಿ ಕಟ್ಟಿದ ಹೇಮಾವತಿ ಜಲಾಶಯದ ನಾಲೆಯು ಇದೇ ತಾಲ್ಲೂಕನ್ನು ಹಾದು, ಬಾಗೂರು–ನವಿಲೆಯ ಸುರಂಗದೊಳಗೆ ನುಗ್ಗಿ ತುಮಕೂರು ಜಿಲ್ಲೆಯ ಕಡೆಗೆ ಸಾಗುತ್ತದೆ. ತುಮಕೂರಿನ ರೈತನೂ ನಮ್ಮವನೇ. ಆತನ ಪಾಲನ್ನು ನಾವು ಕರುಬುವುದಿಲ್ಲ. ಆದರೆ ನಾಲೆಯ ನೀರಿಗಾಗಿ ಜಿಲ್ಲೆಯ ಮೇಲೆ ಜಿಲ್ಲೆ ಎದ್ದು ನಿಲ್ಲುವ ಕಾಲ ಬಂದಿದೆ; 2025ರಲ್ಲಿ ಎಕ್ಸ್‌ಪ್ರೆಸ್ ಕಾಲುವೆಯ ವಿಷಯದಲ್ಲಿ ತುಮಕೂರಿನ ಜನ ಬೀದಿಗಿಳಿದುದನ್ನು ನಾಡೆಲ್ಲವೂ ಕಂಡಿತು. ಇಂಥ ಕಾಲದಲ್ಲಿ ನಾಲೆ ಮುಟ್ಟದ ಎತ್ತರದ ಹೊಲದವನಿಗೆ ಮಳೆ, ಕೆರೆ, ಬಾವಿ ಇವೇ ಗತಿ. ಆ ಬಾವಿಗೂ ಗಣಿಯ ಗುಂಡಿಗೂ ನೆಲದಾಳದಲ್ಲಿ ಬೇಲಿಯಿಲ್ಲ. ಗಣಿಯು ಆಳಕ್ಕೆ ಇಳಿದಷ್ಟೂ ಸುತ್ತಲಿನ ಊಟೆಗಳ ನೀರನ್ನು ಎತ್ತಿ ಹೊರಚೆಲ್ಲಲೇಬೇಕು. ಗುಡ್ಡೆಯ ಬುಡದಲ್ಲಿ ಇಂಗಿದ ನೀರು ಯಾರದೋ ಕೊಳವೆ ಬಾವಿಯಲ್ಲಿ ಏಳಲೇಬೇಕು. ನಾಲೆಯ ನೀರು ದೊರೆಯದ ರೈತನಿಂದ ಬಾವಿಯ ನೀರನ್ನೂ ಕಸಿದುಕೊಳ್ಳುವುದು ಯಾವ ಸೀಮೆಯ ಅಭಿವೃದ್ಧಿ?

ನಮ್ಮ ನಾಡಿಗೆ ಇದು ಹೊಸ ಪಾಠವಲ್ಲ. ಕೋಲಾರದಲ್ಲಿ 1880ರ ದಶಕದಿಂದ ಸುಮಾರು 800 ಟನ್ನು ಚಿನ್ನವನ್ನು ತೆಗೆದರು. ಆ ಗಣಿಗಾಗಿ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತನ್ನು ಹರಿಸಿದರು. 2001ರ ಫೆಬ್ರವರಿ 28ರಂದು ಗಣಿಯ ಬಾಗಿಲು ಮುಚ್ಚಿತು. ಚಿನ್ನ ಹೋಯಿತು, ಸಯನೈಡಿನ ದಿಬ್ಬಗಳು ಉಳಿದವು. ಬಳ್ಳಾರಿಯಲ್ಲಿ 2011ರ ಲೋಕಾಯುಕ್ತ ವರದಿಯು ಹೊರಬಿದ್ದು, ಸರ್ವೋಚ್ಚ ನ್ಯಾಯಾಲಯವು ನಡುವೆ ಬಂದು 2013ರಲ್ಲಿ ತೀರ್ಪು ಕೊಡುವವರೆಗೂ ನೆಲವನ್ನು ಪುನಃ ನೆಲವಾಗಿ ಮಾಡಬೇಕೆಂಬ ಯೋಚನೆ ಆಳುವವರಿಗೆ ಹೊಳೆಯಲಿಲ್ಲ. ಕುದುರೆಮುಖದ ಗಣಿಯನ್ನು 2005ರ ಕೊನೆಗೆ ನಿಲ್ಲಿಸಿದುದೂ ನ್ಯಾಯಾಲಯದ ಆಜ್ಞೆಯೇ. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕುವುದು ನಮ್ಮ ಆಡಳಿತದ ಪರಂಪರೆಯಾಗಿ ಹೋಗಿದೆ.

ಗಣಿ ಇಲ್ಲದಿದ್ದರೆ ಕೈಗಾರಿಕೆಯಿಲ್ಲ, ಕೈಗಾರಿಕೆ ಇಲ್ಲದಿದ್ದರೆ ನಾಡಿಗೆ ಏಳಿಗೆಯಿಲ್ಲ ಎಂದು ಕೆಲವು ಮಹನೀಯರು ನಮಗೆ ವಿಶ್ವೇಶ್ವರಯ್ಯನವರ ಹೆಸರನ್ನು ನೆನಪಿಸುತ್ತಾರೆ. ನೆನಪಿಸಲಿ. ಭದ್ರಾವತಿಯ ಕಾರ್ಖಾನೆಯಲ್ಲಿ 1923ರಲ್ಲಿ ಕಬ್ಬಿಣ ಹರಿಯತೊಡಗಿದಾಗ ಅದಕ್ಕೆ ಅದಿರು ಬಂದುದು ಕೆಮ್ಮಣ್ಣುಗುಂಡಿಯಿಂದ. ನಮ್ಮ ನೆಲದ ಅದಿರು ನಮ್ಮ ನಾಡಿನಲ್ಲಿಯೇ ಲೋಹವಾಗಬೇಕು, ನಮ್ಮ ಮಕ್ಕಳಿಗೆ ಕಸುಬಾಗಬೇಕು ಎಂಬ ನೀತಿಯದು. ಆ ಕುಲುಮೆಗೂ ಮೊದಲಲ್ಲಿ ಮಲೆನಾಡಿನ ಕಾಡು ಇದ್ದಿಲಾಗಿ ಉರಿಯಿತೆಂಬುದನ್ನು ನಾವು ಮರೆಮಾಚುವುದಿಲ್ಲ. ಅದರಿಂದಲೂ ಪಾಠ ಕಲಿಯಬೇಕು. ಆದರೆ ನುಗ್ಗೇಹಳ್ಳಿ ಸೀಮೆಯ ಅದಿರಿಗೆ ಭದ್ರಾವತಿಯ ಭಾಗ್ಯವೂ ಇಲ್ಲವಾಯಿತು. ಆ ಊರುಗಳಲ್ಲಿ ಕುಲುಮೆ ಏಳಲಿಲ್ಲ. ಕಲ್ಲು ಮಾತ್ರ ಹೋಯಿತು. ವಿಶ್ವೇಶ್ವರಯ್ಯನವರ ಹೆಸರನ್ನು ಎತ್ತುವವರು ಅವರ ನೀತಿಯನ್ನು ಕೈಬಿಟ್ಟು ಹೆಸರನ್ನು ಮಾತ್ರ ಹಿಡಿದಿರುತ್ತಾರೆ.

ಜೆ. ಸಿ. ಕುಮಾರಪ್ಪನವರು 1940ರ ದಶಕದಲ್ಲಿ ಸೆರೆಮನೆಯಲ್ಲಿದ್ದುಕೊಂಡು ಶಾಶ್ವತವಾದ ಅರ್ಥವ್ಯವಸ್ಥೆಯನ್ನು ಕುರಿತು ಗ್ರಂಥವನ್ನು ಬರೆದರು. ತೆಗೆದಷ್ಟೂ ಮುಗಿಯುವ ಸಂಪತ್ತು ಒಂದು, ವರ್ಷ ವರ್ಷವೂ ಮರಳಿ ಬರುವ ಸಂಪತ್ತು ಇನ್ನೊಂದು ಎಂಬ ಭೇದವನ್ನು ಅವರು ತೋರಿಸಿಕೊಟ್ಟರು. ನಮ್ಮ ಹಿರಿಯರು ಇದನ್ನೇ, ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂದು ಒಂದು ಮಾತಿನಲ್ಲಿ ಹೇಳಿದ್ದರು. ಕ್ರೋಮೈಟ್ ಕುಡಿಕೆಯ ಹೊನ್ನು. ಕೆರೆ, ಮೇಲ್ಮಣ್ಣು, ತೆಂಗಿನ ತೋಟಗಳು ಬೆಳೆಯುವ ಸಂಪತ್ತು. ಹೊನ್ನನ್ನು ತೆಗೆಯುವ ಭರದಲ್ಲಿ ಬೆಳೆಯನ್ನು ಕೆಡಿಸುವವನಿಗೆ ಮನೆತನದಲ್ಲಿ ಯಾವ ಹೆಸರಿದೆಯೋ, ರಾಜ್ಯದಲ್ಲಿಯೂ ಅದೇ ಹೆಸರು ಸಲ್ಲತಕ್ಕದ್ದು.

ಈ ಹಳೆಯ ಕಥೆಯನ್ನು ಈಗ ಏಕೆ ಎತ್ತುವಿರಿ ಎಂದು ವಾಚಕರು ಕೇಳಬಹುದು. ಹೊಸ ಗುದ್ದಲಿಯ ಸಪ್ಪಳ ಕೇಳಿಬರುತ್ತಿರುವುದೇ ಕಾರಣ. 2023ರ ಜೂನಿನಲ್ಲಿ ಕೇಂದ್ರ ಸರಕಾರವು ದೇಶಕ್ಕೆ ಅತ್ಯಗತ್ಯವಾದ 30 ಖನಿಜಗಳ ಪಟ್ಟಿಯನ್ನು ಹೊರಡಿಸಿತು. ಅದರಲ್ಲಿ ವೆನೇಡಿಯಂ ಇದೆ, ಟೈಟಾನಿಯಂ ಇದೆ. ಅದೇ ವರ್ಷ ಗಣಿ ಕಾಯಿದೆಯನ್ನು ತಿದ್ದಿ, ಇಂಥ 24 ಖನಿಜಗಳ ಹರಾಜಿನ ಅಧಿಕಾರವನ್ನು ರಾಜ್ಯಗಳ ಕೈಯಿಂದ ತೆಗೆದು ತಾನೇ ಇಟ್ಟುಕೊಂಡಿತು. 2025ರ ಜನವರಿಯಲ್ಲಿ ಇದಕ್ಕಾಗಿ ರಾಷ್ಟ್ರೀಯ ಅಭಿಯಾನವೊಂದಕ್ಕೆ ಒಪ್ಪಿಗೆಯಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಇಂಥ ಖನಿಜಗಳ ಗಣಿಗಳಿಗೆ ಊರವರ ಬಹಿರಂಗ ವಿಚಾರಣೆ ಬೇಕಿಲ್ಲವೆಂಬ ಆಜ್ಞೆ ಹೊರಟಿತು. 2006ರ ಪರಿಸರ ಅಧಿಸೂಚನೆಯು ಹಳ್ಳಿಗನಿಗೆ ಕೊಟ್ಟಿದ್ದ, ಎದ್ದು ನಿಂತು ಮಾತಾಡುವ ಹಕ್ಕು ಇಷ್ಟರಿಂದ ಹೋಯಿತು. ನುಗ್ಗೇಹಳ್ಳಿಯ ಪಟ್ಟಿಯಲ್ಲಿ ವೆನೇಡಿಯಂ ಇರುವುದು ಭೂಗರ್ಭ ಇಲಾಖೆಗೆ ಹಳೆಯ ಸಂಗತಿ. ನಾಳೆ ಯಾರಾದರೊಬ್ಬರು ನಕ್ಷೆಯನ್ನು ಬಿಡಿಸಿಕೊಂಡು ತಗಡೂರಿನ ಗುಡ್ಡದ ಮೇಲೆ ನಿಂತರೆ, ಆ ಊರಿನ ರೈತನನ್ನು ಕೇಳಬೇಕೆಂಬ ಕಟ್ಟಳೆಯೇ ಉಳಿದಿಲ್ಲ.

ಇದನ್ನು ನಾವು ಅತ್ಯಂತ ಉಗ್ರವಾಗಿ ಖಂಡಿಸುತ್ತೇವೆ. ಎದುರು ಪಕ್ಷವನ್ನು ಕೇಳದೆ ತೀರ್ಪು ಕೊಡಬಾರದೆಂಬುದು ನ್ಯಾಯದ ಮೊದಲನೆಯ ಅಕ್ಷರ. ಕಳ್ಳನಿಗೂ ಕಟಕಟೆಯಲ್ಲಿ ನಿಂತು ಮಾತಾಡುವ ಹಕ್ಕಿದೆ; ತಪ್ಪೇ ಮಾಡದ ಒಕ್ಕಲಿಗನಿಗೆ ತನ್ನ ಬಾವಿಯ ಪರವಾಗಿ ನುಡಿಯುವ ಹಕ್ಕಿಲ್ಲವೆ? ನಾಡಿನ ಭೌತಿಕ ಸಂಪತ್ತು ಸರ್ವರ ಹಿತಕ್ಕಾಗಿ ಹಂಚಿಕೆಯಾಗಬೇಕೆಂದು ಸಂವಿಧಾನದ 39ನೆಯ ವಿಧಿಯು ಸಾರುತ್ತದೆ. ಸರ್ವರೆಂಬವರಲ್ಲಿ ನುಗ್ಗೇಹಳ್ಳಿಯವರು ಸೇರಿಲ್ಲವೆ? ದೇಶದ ಅಗತ್ಯವೆಂಬ ಮಾತು ದೊಡ್ಡದು. ಆದರೆ ದೇಶವೆಂದರೆ ಹಳ್ಳಿಗಳನ್ನು ಕಳೆದು ಉಳಿಯುವ ಶೇಷವಲ್ಲ.

ಬರಿಯ ದೂರನ್ನು ಹೇಳಿ ಸುಮ್ಮನಾಗುವುದು ನಮ್ಮ ಪದ್ಧತಿಯಲ್ಲ. ನಮ್ಮ ಬೇಡಿಕೆಗಳು ನಾಲ್ಕು. ಒಂದನೆಯದು: ಹಳೆಯ ಗಣಿಗಳ ಗುಂಡಿ, ಗುಡ್ಡೆಗಳನ್ನು ಅಳೆದು, ಸುತ್ತಲಿನ ಪ್ರತಿಯೊಂದು ಕುಡಿಯುವ ನೀರಿನ ಬಾವಿಯನ್ನು ಪರೀಕ್ಷಿಸಿ, ಫಲಿತಾಂಶವನ್ನು ಕನ್ನಡದಲ್ಲಿ ಪಂಚಾಯಿತಿಯ ಗೋಡೆಯ ಮೇಲೆ ಬರೆಯತಕ್ಕದ್ದು. ಎರಡನೆಯದು: ಮೇಲ್ಮಣ್ಣನ್ನು ಬೇರೆಯಾಗಿ ಕಾದಿಟ್ಟು ಪುನಃ ಹರಡಬೇಕೆಂದು 1988ರ ಖನಿಜ ನಿಯಮಾವಳಿಯಲ್ಲಿಯೇ ವಿಧಿಸಿತ್ತು, ಗಣಿಯನ್ನು ಮುಚ್ಚುವ ಯೋಜನೆಯೂ ಕಡ್ಡಾಯವಾಗಿದೆ, ಕಾಗದದ ಮೇಲಿನ ಈ ಕರ್ತವ್ಯವನ್ನು ನೆಲದ ಮೇಲೆ ನೆರವೇರಿಸಿ ಗುಡ್ಡೆಗಳಿಗೆ ಒಡ್ಡು ಹಾಕಿ ಹಸಿರು ಹೊದಿಸತಕ್ಕದ್ದು. ಮೂರನೆಯದು: 2015ರ ತಿದ್ದುಪಡಿಯಿಂದ ಹುಟ್ಟಿದ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣವು ಗಣಿಯಿಂದ ನೊಂದ ಊರಿಗೇ ಮೊದಲು ಸಲ್ಲತಕ್ಕದ್ದು, ಖನಿಜ ಹಕ್ಕಿನ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯಕ್ಕಿದೆಯೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2024ರ ಜುಲೈ 25ರಂದು ಸಾರಿದ ಮೇಲೆ, ಹಣವಿಲ್ಲವೆಂಬ ನೆಪ ರಾಜ್ಯ ಸರಕಾರಕ್ಕೂ ಉಳಿದಿಲ್ಲ. ನಾಲ್ಕನೆಯದು: ಗ್ರಾಮಸಭೆಯ ಮುಂದೆ ಬಹಿರಂಗ ವಿಚಾರಣೆ ನಡೆಯದೆ ಈ ಪಟ್ಟಿಯಲ್ಲಿ ಒಂದು ಗುದ್ದಲಿಯನ್ನೂ ಹಾಕಕೂಡದು. ಕೇಂದ್ರವು ವಿನಾಯಿತಿ ಕೊಟ್ಟರೆ ಕೊಡಲಿ. ತನ್ನ ಪ್ರಜೆಗಳನ್ನು ಕೇಳಬಾರದೆಂದು ರಾಜ್ಯದ ಬಾಯಿಗೆ ಯಾರೂ ಬೀಗ ಹಾಕಿಲ್ಲ.

ಕನ್ನಡನಾಡು 1956ರಲ್ಲಿ ಒಂದಾಯಿತು. ಒಂದಾದುದು ಕೇವಲ ಭೂಪಟದ ಗೆರೆಗಳಿಗಾಗಿ ಅಲ್ಲ. ನೆಲದ ಮೇಲೆ ಬಾಳುವವನಿಗೆ ನೆಲದ ವಿಷಯದಲ್ಲಿ ಮಾತು ಇರಬೇಕೆಂಬುದಕ್ಕಾಗಿ. ಬೇಲಿಯೇ ಎದ್ದು ಹೊಲ ಮೇಯುವಾಗ ಹೊಲದ ಒಡೆಯನು ಮಲಗಿರಬಾರದು. ಚನ್ನರಾಯಪಟ್ಟಣದ, ಹೊಳೆನರಸೀಪುರದ, ಅರಕಲಗೂಡಿನ ಪಂಚಾಯಿತಿ ಸದಸ್ಯರೇ, ವಕೀಲ ಮಿತ್ರರೇ, ಉಪಾಧ್ಯಾಯರೇ, ತರುಣರೇ, ನಿಮ್ಮ ಮುಂದಿನ ಗ್ರಾಮಸಭೆಯಲ್ಲಿ ಈ ನಾಲ್ಕು ಬೇಡಿಕೆಗಳನ್ನು ನಿರ್ಣಯವಾಗಿ ಬರೆಯಿಸಿ, ಪುಸ್ತಕದಲ್ಲಿ ದಾಖಲು ಮಾಡಿಸಿ, ಪ್ರತಿಯನ್ನು ಜಿಲ್ಲಾಧಿಕಾರಿಗಳಿಗೆ ಕಳುಹಿಸಿರಿ. ಬರೆದಿಟ್ಟ ನಿರ್ಣಯವೇ ನಾಳೆ ನ್ಯಾಯಾಲಯದಲ್ಲಿ ನಿಮ್ಮ ಸಾಕ್ಷಿ. ಕೇಳುವವರು ಇಲ್ಲದುದರಿಂದಲೇ ಹಳೆಯ ಲೆಕ್ಕವು ಇಷ್ಟು ಕಾಲ ತೀರದೆ ಉಳಿಯಿತು. ಕೇಳಿರಿ, ಲೆಕ್ಕ ತೀರುವವರೆಗೂ ಕೇಳುತ್ತಲೇ ಇರಿ.