ತಾಯಿಕರಡಿಯ ಬೆನ್ನು, ನಮ್ಮ ಬೆಟ್ಟದ ಹಣ್ಣು

ಬೇಸಿಗೆ ಕಾಲಿಟ್ಟಿತೆಂದರೆ ಮಲೆನಾಡಿನ ಪತ್ರಿಕೆಗಳಲ್ಲಿ ‘ಕರಡಿ ದಾಳಿ’ ಎಂಬ ತಲೆಬರಹ ಕಾಣಿಸಿಕೊಳ್ಳುವುದು ವಾಡಿಕೆಯಾಗಿದೆ. ತರಗೆಲೆ ಗುಡಿಸಲು ಹೋದವರು, ಜೇನಿಗೆ ಹೋದವರು, ಬೆಳಗಿನ ಜಾವ ಬೆಟ್ಟ ಹತ್ತಿದವರು ಮುಖ, ತಲೆಗಳಿಗೆ ಗಾಯ ಮಾಡಿಕೊಂಡು ಆಸ್ಪತ್ರೆ ಸೇರುತ್ತಾರೆ. ಮರುದಿನ ಊರಿನಲ್ಲಿ ಕೇಳಿಬರುವುದು ಒಂದೇ ಬೇಡಿಕೆ: ಕರಡಿಯನ್ನು ಹಿಡಿದು ಬೇರೆಡೆ ಸಾಗಿಸಿರಿ. ಗಾಯಗೊಂಡವರ ಮನೆಯ ಜಗಲಿಯಲ್ಲಿ ಕುಳಿತು ಕರಡಿಯ ಗುಣಗಾನ ಮಾಡುವುದು ನಮ್ಮ ಉದ್ದೇಶವಲ್ಲ. ಆದರೆ ಆ ಹೊತ್ತಿನಲ್ಲಿ, ಆ ಜಾಗದಲ್ಲಿ ಕರಡಿ ಏನು ಮಾಡುತ್ತಿತ್ತು ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಬಹಳ ಸಲ ಅದು ಮರಿಯನ್ನು ಕಟ್ಟಿಕೊಂಡು ಹೊಟ್ಟೆ ಹೊರೆಯುತ್ತಿದ್ದ ತಾಯಿಯಾಗಿರುತ್ತದೆ.

ನಮ್ಮ ಕಾಡಿನ ಕರಡಿ ಸಾಮಾನ್ಯವಾಗಿ ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಕಲ್ಲುಗುಹೆಯಲ್ಲಿಯೋ ತಾನೇ ತೋಡಿದ ಬಿಲದಲ್ಲಿಯೋ ಈಯುತ್ತದೆ. ಒಂದು ಸೂಲಿಗೆ ಒಂದು ಅಥವಾ ಎರಡು ಮರಿ. ಎರಡು ಮೂರು ತಿಂಗಳು ಕಳೆದು ತಾಯಿ ಮರಿಗಳೊಡನೆ ಹೊರಬೀಳುವ ಹೊತ್ತಿಗೆ ಮಾರ್ಚ್ ಬಂದಿರುತ್ತದೆ. ಕಾಡಿನ ಹಣ್ಣುಗಳು ಮಾಗತೊಡಗುವ ಕಾಲವದು. ನಾವು ಬೆಟ್ಟಕ್ಕೆ ಹೆಚ್ಚಾಗಿ ಓಡಾಡುವ ಕಾಲವೂ ಅದೇ. ಹಾಲೂಡಿಸಿ ಬಡಕಲಾದ ತಾಯಿಗೂ ಕಿರು ಅರಣ್ಯ ಉತ್ಪನ್ನಗಳನ್ನು ನಂಬಿದ ನಮ್ಮವರಿಗೂ ಒಂದೇ ಇಳಿಜಾರು, ಒಂದೇ ಮುಂಜಾವು.

ಕರಡಿಯ ಬಾಯಿಯ ರಚನೆಯನ್ನು ವಿದ್ಯಾರ್ಥಿಗಳು ಗಮನಿಸಬೇಕು. ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳು ಅದಕ್ಕಿಲ್ಲ. ಅಂಗುಳು ಹಳ್ಳವಾಗಿದೆ, ತುಟಿಗಳನ್ನು ಕೊಳವೆಯಂತೆ ಮುಂಚಾಚಬಲ್ಲದು, ಮೂಗಿನ ಹೊಳ್ಳೆಗಳನ್ನು ಬೇಕೆಂದಾಗ ಮುಚ್ಚಿಕೊಳ್ಳಬಲ್ಲದು. ಉದ್ದುಗುರಿನಿಂದ ಹುತ್ತವನ್ನು ಬಗೆದು, ಮೊದಲು ಬುಸ್ಸೆಂದು ಊದಿ ಮಣ್ಣು ಹಾರಿಸಿ, ಬಳಿಕ ಗೆದ್ದಲುಗಳನ್ನು ಸೊರ್ರನೆ ಹೀರುತ್ತದೆ. ಆ ಸದ್ದು ನೂರು ಮೀಟರಿಗೂ ಆಚೆಗೆ ಕೇಳಿಸುತ್ತದೆ. ಮೂತಿಯನ್ನು ಹುತ್ತದೊಳಗೆ ಹುದುಗಿಸಿ, ತನ್ನದೇ ಸದ್ದಿನಲ್ಲಿ ಮುಳುಗಿರುವ ಪ್ರಾಣಿಗೆ ನಮ್ಮ ಹೆಜ್ಜೆಯ ಸಪ್ಪಳ ಕೇಳಿಸುವುದು ತೀರ ಸಮೀಪಕ್ಕೆ ಬಂದ ಮೇಲೆಯೇ.

ಆಗ ಅದು ಓಡಿಹೋಗುವ ಬದಲು ಮೇಲೆರಗುವುದೇಕೆ? ದೂರದರ್ಶನದಲ್ಲಿ ಅಮೆರಿಕದ ಕಪ್ಪು ಕರಡಿಯನ್ನು ಕಂಡವರಿಗೆ ಈ ಸಂಶಯ ಸಹಜ. ಅಲ್ಲಿನ ತಾಯಿ ಅಪಾಯದ ಸುಳಿವು ಸಿಕ್ಕೊಡನೆ ಮರಿಯನ್ನು ಮರಕ್ಕೆ ಹತ್ತಿಸುತ್ತದೆ. ನಮ್ಮ ಕರಡಿಯೂ ಕಪ್ಪೇ, ಮರ ಹತ್ತುವುದೂ ಅದಕ್ಕೆ ಗೊತ್ತು. ಆದರೆ ನಮ್ಮ ಕಾಡಿನಲ್ಲಿ ಮರ ಹತ್ತುವ ಚಿರತೆಯಿದೆ, ನೆಲದಲ್ಲಿ ಹುಲಿಯಿದೆ. ಆದಕಾರಣ ಮರಿಗೆ ಉಳಿದಿರುವ ಆಶ್ರಯ ತಾಯಿಯ ಬೆನ್ನೊಂದೇ. ಸುಮಾರು ಒಂಬತ್ತು ತಿಂಗಳು ತುಂಬುವವರೆಗೆ ಅದು ಬೆನ್ನಿನ ನೀಳಗೂದಲನ್ನು ಹಿಡಿದು ಸವಾರಿ ಮಾಡುತ್ತದೆ. ಮರಿಗಳನ್ನು ಹೀಗೆ ವಾಡಿಕೆಯಾಗಿ ಹೊತ್ತು ತಿರುಗುವ ಕರಡಿ ಬೇರೊಂದಿಲ್ಲ. ಮರಿ ಹೊತ್ತ ತಾಯಿ ವೇಗವಾಗಿ ಓಡಲಾರದು; ಹುಲಿಯೆದುರು ನಿಂತು ಅಬ್ಬರಿಸಿ ಬದುಕುಳಿದ ವಂಶ ಮನುಷ್ಯನೆದುರೂ ಅದನ್ನೇ ಮಾಡುತ್ತದೆ. 1791ರಲ್ಲಿ ಇಂಗ್ಲೆಂಡಿನ ಜಾರ್ಜ್ ಶಾ ಎಂಬ ಪ್ರಾಣಿವಿಜ್ಞಾನಿ ಇದರ ಉಗುರು ಹಲ್ಲುಗಳನ್ನು ನೋಡಿ ದಕ್ಷಿಣ ಅಮೆರಿಕದ ಸೋಮಾರಿ ಪ್ರಾಣಿ ‘ಸ್ಲಾತ್’ನ ಸಂಬಂಧಿಯೆಂದು ಬಗೆದು ಹೆಸರಿಟ್ಟ. ‘ಸ್ಲಾತ್ ಕರಡಿ’ ಎಂಬ ಆ ಹೆಸರು ಈಗಲೂ ಅಂಟಿಕೊಂಡಿದೆ. ಎದುರಿಗೆ ಸಿಕ್ಕವರು ಯಾರೂ ಅದನ್ನು ಸೋಮಾರಿಯೆಂದು ಒಪ್ಪಲಾರರು!

ತಾಯಿಯ ಜೊತೆಯಲ್ಲಿ ಒಂದೂವರೆ ಎರಡು ವರ್ಷ ತಿರುಗುವ ಮರಿ ಕಲಿಯುವುದು ಮುಖ್ಯವಾಗಿ ಊಟದ ಪಂಚಾಂಗವನ್ನು. ಕಕ್ಕೆ ಯಾವ ದಿಣ್ಣೆಯಲ್ಲಿ ಉದುರುತ್ತದೆ, ನೇರಳೆ ಯಾವ ಹಳ್ಳದಲ್ಲಿ ಹಣ್ಣಾಗುತ್ತದೆ, ಅತ್ತಿ, ಹಲಸು, ಕವಳಿ, ಎಲಚಿ ಎಲ್ಲೆಲ್ಲಿವೆ, ಹಣ್ಣಿಲ್ಲದ ತಿಂಗಳುಗಳಲ್ಲಿ ಯಾವ ಹುತ್ತ, ಯಾವ ಇರುವೆಗೂಡು. ಈ ಪಂಚಾಂಗದ ಹಾಳೆಗಳನ್ನು ಹರಿದವರು ನಾವು. ಹಿಂದೆ ಉತ್ತರ ಕನ್ನಡದಲ್ಲಿ 1 ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೂ ಸೊಪ್ಪಿನ ಬೆಟ್ಟದ ಸೌಲಭ್ಯವಿತ್ತು. ಸೊಪ್ಪಿಗೆಂದು ಬಿಟ್ಟ ಆ ಬೆಟ್ಟಗಳಲ್ಲಿ ನೇರಳೆ, ಅತ್ತಿಗಳೂ ಉಳಿದುಕೊಂಡಿದ್ದವು. ಬೆಟ್ಟ ಬೋಳಾದಲ್ಲೆಲ್ಲ ಹಸುರು ಕಾಣಿಸಬೇಕೆಂಬ ಆತುರದಲ್ಲಿ ಅಕೇಶಿಯಾ ಬಂದಿತು. ಹಸುರೇನೋ ಆಯಿತು, ಅದರಡಿಯಲ್ಲಿ ಕರಡಿಯ ಮರಿಗೆ ಒಂದು ಹಣ್ಣಿಲ್ಲ. ಹಸಿದ ತಾಯಿ ಊರಂಚಿನ ಹಲಸಿನ ಮರದ ವಾಸನೆ ಹಿಡಿದು ಬರುವುದರಲ್ಲಿ ಆಶ್ಚರ್ಯವೇನು?

ಹುತ್ತಗಳ ವಿಷಯದಲ್ಲಿ ಕೃಷಿ ವಿಜ್ಞಾನದವನಾಗಿ ನಾನು ಒಂದು ಮಾತನ್ನು ತುಸು ವಿಸ್ತರಿಸಿ ಹೇಳಬೇಕಾಗಿದೆ. ಗೆದ್ದಲೆಂದರೆ ಬೆಳೆಯ ಶತ್ರುವೆಂಬ ಭಾವನೆಯಿಂದ ಬೇಣದ ಮೂಲೆಯಲ್ಲಿರುವ ಹುತ್ತಕ್ಕೂ ಕ್ಲೋರ್‌ಪೈರಿಫಾಸ್ ಸುರಿಯುವ ರೂಢಿ ಹಬ್ಬಿದೆ. ಹುತ್ತ ಕಟ್ಟುವ ಗೆದ್ದಲಿನ ಮುಖ್ಯ ಆಹಾರ ಸತ್ತ ಕಟ್ಟಿಗೆ ಮತ್ತು ಒಣ ಎಲೆ. ಅವುಗಳನ್ನು ಹೊತ್ತು ತಂದು ಹುತ್ತದೊಳಗೆ ಅಣಬೆಯ ತೋಟ ಮಾಡುತ್ತದೆ. ಮಳೆ ಹಿಡಿದ ಮೇಲೆ ನಾವು ಬುಟ್ಟಿ ತುಂಬ ಕಿತ್ತು ತರುವ ಹುತ್ತದಣಬೆ ಆ ತೋಟದ್ದೇ. ಎಲೆಯನ್ನೆಲ್ಲ ಗುಡಿಸಿ ಒಯ್ದು ನೆಲವನ್ನು ಬರಿದು ಮಾಡಿದಾಗ, ನೀರಿಲ್ಲದೆ ಸೊರಗಿದ ಸಸಿಗೆ ಗೆದ್ದಲು ಬಾಯಿ ಹಾಕುತ್ತದೆ. ಸಸಿಯ ಬುಡಕ್ಕೆ ತೇವ, ಸುತ್ತ ಒಂದಿಷ್ಟು ಒಣ ಎಲೆಯ ಹೊದಿಕೆ ಇದ್ದರೆ ಬೇಣದ ಹುತ್ತದ ಗೊಡವೆಗೆ ಹೋಗಬೇಕಾದ ಪ್ರಸಂಗ ಬರುವುದು ಕಡಿಮೆ.

ಹಂದಿಗೆಂದು ಬೇಲಿಯಲ್ಲಿ ಒಡ್ಡುವ ತಂತಿ ಉರುಳಿನ ಬಗೆಗೆ ಹೆಚ್ಚು ಹೇಳುವುದು ಬೇಡ. ಅದು ಹಂದಿ, ಕರಡಿ ಎಂದು ಭೇದ ಮಾಡುವುದಿಲ್ಲ. ಸೊಂಟಕ್ಕೆ ಉರುಳು ಬಿದ್ದ ತಾಯಿ ನರಳಿ ಸತ್ತರೆ, ಹಾಲು ಬಿಡದ ಮರಿಯೂ ಅದರ ಹಿಂದೆಯೇ. 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿಯಿದು. ಉರುಳು ಒಡ್ಡಿದವರು ‘ಗೊತ್ತಿರಲಿಲ್ಲ’ ಎಂದರೆ ಕಾನೂನು ಬಿಡುವುದಿಲ್ಲ.

ಕಾಡಿನೊಳಗೇ ಆಹಾರ ಇಟ್ಟುಬರಬಾರದೇ ಎಂದು ಕೇಳುವವರಿದ್ದಾರೆ. ಹಂಪಿಗೆ ಸಮೀಪದ ದರೋಜಿಯಲ್ಲಿ, 1994ರಲ್ಲಿ ಕರಡಿಗಳಿಗಾಗಿಯೇ ಘೋಷಿತವಾದ ಧಾಮದಲ್ಲಿ, ಬೆಲ್ಲದ ಪಾಕವನ್ನು ಬಂಡೆಗೆ ಬಳಿದು ಪ್ರವಾಸಿಗರಿಗೆ ಕರಡಿಗಳನ್ನು ತೋರಿಸುವ ಪದ್ಧತಿ ಹಲವು ವರ್ಷ ನಡೆದುಬಂದಿತ್ತು. ನೋಡುವವರಿಗೆ ಅನುಕೂಲವೇ ಸರಿ. ಆದರೆ ಬಂಡೆಯ ಬೆಲ್ಲ ನೆಕ್ಕಿ ಬೆಳೆದ ಮರಿಗೆ ಕಕ್ಕೆಯ ದಿಣ್ಣೆಯನ್ನು ತೋರಿಸುವವರು ಯಾರು? ಈ ಉಪಾಯ ಮಲೆನಾಡಿಗೆ ಬೇಡವೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಇದೆಲ್ಲ ಸರಿಹೋಗುವವರೆಗೆ ಬೆಟ್ಟಕ್ಕೆ ಹೋಗುವವರು ಜಾಗ್ರತೆ ವಹಿಸಲೇಬೇಕು. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಒಬ್ಬೊಬ್ಬರೇ ಹೋಗಬಾರದು. ನಾಲ್ಕು ಜನ ಕೂಡಿ, ಗಟ್ಟಿಯಾಗಿ ಮಾತನಾಡುತ್ತ, ಕೋಲಿನಿಂದ ಸದ್ದು ಮಾಡುತ್ತ ನಡೆದರೆ ತಾಯಿಕರಡಿಗೆ ಮರಿಯನ್ನು ಬೆನ್ನಿಗೇರಿಸಿಕೊಂಡು ಸರಿದುಹೋಗಲು ವ್ಯವಧಾನ ಸಿಗುತ್ತದೆ.

ಇನ್ನು ಗ್ರಾಮ ಅರಣ್ಯ ಸಮಿತಿಗಳ ಸಭೆಗೆ ಬರೋಣ. ಬರುವ ಮಳೆಗಾಲಕ್ಕೆ ನಮ್ಮ ಬೆಟ್ಟದಲ್ಲಿ ಯಾವ ಸಸಿ ನೆಡುತ್ತಾರೆಂದು ಈಗಲೇ ಕೇಳಿರಿ; ನರ್ಸರಿಯಲ್ಲಿ ಅಕೇಶಿಯಾ ಚೀಲಗಳೇ ಕಂಡರೆ ಸಭೆಯಲ್ಲಿ ಆಕ್ಷೇಪವನ್ನು ಬರೆಸಿರಿ. ಶಾಲೆಯ ಮಕ್ಕಳು ನೇರಳೆ, ಅತ್ತಿ, ಕಕ್ಕೆಯ ಬೀಜ ಕೂಡಿಸಬಹುದು. ಕಕ್ಕೆಯ ಬೀಜದ ಸಿಪ್ಪೆ ಬಲು ಗಟ್ಟಿ, ಹಾಗೆಯೇ ಬಿತ್ತಿದರೆ ಬಹುಪಾಲು ಮೊಳೆಯದೆ ಉಳಿಯುತ್ತವೆ. ಅದಕ್ಕಾಗಿ ನರ್ಸರಿಗಳಲ್ಲಿ ಬೀಜವನ್ನು ಗಂಧಕಾಮ್ಲದಲ್ಲಿ ಅದ್ದಿ ತೊಳೆಯುವುದುಂಟು. ಮಕ್ಕಳ ಕೈಗೆ ಆಮ್ಲ ಕೊಡಬೇಡಿರಿ. ಬೀಜದ ಒಂದು ಬದಿಯನ್ನು ಒರಟು ಕಲ್ಲಿಗೆ ತಿಕ್ಕಿ ರಾತ್ರಿಯಿಡೀ ನೀರಿನಲ್ಲಿ ನೆನೆಸಿದರೆ ಸಾಕು. ಕರಡಿಯ ಹಿಕ್ಕೆಯಲ್ಲಿ ಸಿಕ್ಕ ಬೀಜವಾದರೆ ಈ ಶ್ರಮವೂ ಅಷ್ಟಾಗಿ ಬೇಕಿಲ್ಲ.