ಬಿಗಿ ಮನೆಯ ಉಸಿರು

ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ಹೋದ ಚಳಿಗಾಲ ಹೆಂಡತಿಯೊಡನೆ ಕೆನಡಾದ ಸಾಸ್ಕಟೂನ್‌ನಲ್ಲಿರುವ ಮಗನ ಮನೆಗೆ ಹೋಗಿದ್ದರು. ಹೊರಗೆ ಸೊನ್ನೆಗಿಂತ 25 ಡಿಗ್ರಿ ಕೆಳಗೆ. ಒಳಗೆ ಬನಿಯನ್‌ನಲ್ಲಿ ಓಡಾಡುವಷ್ಟು ಬೆಚ್ಚಗೆ. ನೆಲಮಾಳಿಗೆಯಲ್ಲಿ ಟ್ರಂಕಿನಷ್ಟು ದೊಡ್ಡ ಪೆಟ್ಟಿಗೆಯೊಂದು ಹಗಲೂ ರಾತ್ರಿ ಗುಂಯ್‌ಗುಡುತ್ತಿತ್ತು. ಯಾರೋ ಹೊತ್ತಿಸಿಟ್ಟ ದೀಪಗಳನ್ನು ಆರಿಸುತ್ತಲೇ ಜೀವನ ಕಳೆದ ಮೇಷ್ಟ್ರಿಗೆ ಅದು ಸುಮ್ಮನೆ ಕರೆಂಟು ತಿನ್ನುವ ಯಂತ್ರ ಅನ್ನಿಸಿತು. ಮಗ ಕೆಲಸದ ಮೇಲೆ ಬೇರೆ ಊರಿಗೆ ಹೋದಾಗ ಸ್ವಿಚ್ ಆರಿಸಿಬಿಟ್ಟರು.

ಮೂರನೆಯ ದಿನಕ್ಕೆ ಕಿಟಕಿ ಗಾಜಿನ ಒಳಮೈಯಿಂದ ನೀರು ಇಳಿಯತೊಡಗಿತು. ಹುಳಿಯ ಒಗ್ಗರಣೆ ವಾಸನೆ ಪರದೆಗಳನ್ನು ಬಿಟ್ಟು ಕದಲಲಿಲ್ಲ. ಬೆಳಿಗ್ಗೆ ಎದ್ದರೆ ತಲೆ ಭಾರ. ವಾಪಸು ಬಂದ ಮಗ ಹೊಸ್ತಿಲಲ್ಲೇ ನಿಂತು, "ಅಪ್ಪಾ, ಕೆಳಗಿನ ಮಿಷನ್ ಆಫ್ ಮಾಡಿದ್ರಾ?" ಎಂದನಂತೆ. ಮೇಷ್ಟ್ರು ಇದನ್ನು ನನಗೆ ನಗುತ್ತಲೇ ಹೇಳಿದರು. ಆದರೆ ಕೊನೆಗೆ ಅವರು ಕೇಳಿದ ಪ್ರಶ್ನೆ ನಕ್ಕು ಬಿಡುವಂಥದಲ್ಲ. ಗಾಳಿ ಬದಲಾಯಿಸಲು ಯಂತ್ರ ಯಾಕೆ? ಕಿಟಕಿ ಇಲ್ಲವೇ?

ಹಳೆಯ ಕಾಲದ ಮನೆಗಳಿಗೆ ಈ ಚಿಂತೆ ಇರಲಿಲ್ಲ. ಬಾಗಿಲ ಸಂದು, ಕಿಟಕಿಯ ಚೌಕಟ್ಟು, ಸೂರಿನ ಬಿರುಕುಗಳಿಂದ ಗಾಳಿ ತಾನೇ ನುಸುಳುತ್ತಿತ್ತು. ಚಳಿ ದೇಶಗಳಲ್ಲಿ ಅದರ ಜೊತೆಗೇ ಶಾಖವೂ ಸೋರಿಹೋಗುತ್ತಿತ್ತು. ಎಣ್ಣೆ ಅಗ್ಗವಾಗಿದ್ದಷ್ಟು ದಿನ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. 1973ರ ತೈಲ ಬಿಕ್ಕಟ್ಟು ಎಲ್ಲರನ್ನೂ ಎಚ್ಚರಿಸಿತು. ಮೇಷ್ಟ್ರು ಹೋಗಿದ್ದ ಪ್ರಾಂತದಲ್ಲೇ, ರೆಜೈನಾ ಎಂಬ ನಗರದಲ್ಲಿ, ಹೆರಾಲ್ಡ್ ಓರ್ ಮೊದಲಾದ ಎಂಜಿನಿಯರರು 1977ರಲ್ಲಿ ಸಾಸ್ಕಾಚೆವಾನ್ ಕನ್ಸರ್ವೇಶನ್ ಹೌಸ್ ಎಂಬ ಪ್ರಯೋಗದ ಮನೆ ಕಟ್ಟಿದರು. ದಪ್ಪ ಗೋಡೆ, ಅದರ ತುಂಬ ಶಾಖ ತಡೆಯುವ ಪದಾರ್ಥ, ಸಂದುಗೊಂದುಗಳೆಲ್ಲ ಭದ್ರವಾಗಿ ಮುಚ್ಚಿದ್ದವು. ಆ ಕೊರೆಯುವ ಚಳಿಯಲ್ಲೂ ಮನೆಗೆ ಕುಲುಮೆಯೇ ಇರಲಿಲ್ಲ!

ಆದರೆ ಸೋರಿಕೆ ನಿಂತರೆ ಉಸಿರೂ ನಿಂತಂತೆ. ಒಂದು ಲೆಕ್ಕ ಮಾಡಿ ನೋಡೋಣ. ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿಯಬಹುದು. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆಯಲ್ಲಿ 1,200 ಘನ ಅಡಿ, ಅಂದರೆ ಸುಮಾರು 34 ಸಾವಿರ ಲೀಟರ್ ಗಾಳಿ ಇರುತ್ತದೆ. ಸುಮ್ಮನೆ ಕುಳಿತು ಓದುವ ಒಬ್ಬರು ಗಂಟೆಗೆ ಹೆಚ್ಚುಕಡಿಮೆ 17 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾರೆ. ಅಣ್ಣ ತಂಗಿ ಇಬ್ಬರೂ ಬಾಗಿಲು ಹಾಕಿಕೊಂಡು ಓದಿದರೆ ಗಂಟೆಗೆ 34 ಲೀಟರ್. ಕೋಣೆ ಒಂದಿಷ್ಟೂ ಸೋರದಿದ್ದರೆ, ಹತ್ತು ಲಕ್ಷ ಪಾಲು ಗಾಳಿಯಲ್ಲಿ ಮೊದಲು 420 ಪಾಲಿನಷ್ಟಿದ್ದ ಈ ಅನಿಲಕ್ಕೆ ಒಂದೇ ಗಂಟೆಯಲ್ಲಿ ಇನ್ನೊಂದು ಸಾವಿರ ಪಾಲು ಸೇರುತ್ತದೆ.

ಮ್ಯೂನಿಕ್‌ನ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ 1858ರಲ್ಲೇ, ಕೋಣೆಯ ಗಾಳಿಯಲ್ಲಿ ಇದು ಸಾವಿರಕ್ಕೆ ಒಂದು ಪಾಲನ್ನು ಮೀರಬಾರದೆಂದು ಹೇಳಿದ್ದರು. ಅಷ್ಟು ಪ್ರಮಾಣ ವಿಷವೆಂದಲ್ಲ. ಕೋಣೆಯ ಗಾಳಿಯನ್ನು ಎಷ್ಟು ಸಲ ಉಸಿರಾಡಿ ಬಿಟ್ಟಾಗಿದೆ ಎಂಬುದಕ್ಕೆ ಅದೊಂದು ಅಳತೆಗೋಲು. ರಾತ್ರಿ ಹತ್ತಕ್ಕೇ ತೂಕಡಿಸುವ ಮಗುವನ್ನು ಗದರಿಸುವ ಮುನ್ನ ಕಿಟಕಿ ತೆರೆದಿದೆಯೇ ಎಂದು ನೋಡುವುದು ವಾಸಿ.

ಉಸಿರಿನ ಜೊತೆ ತೇವವೂ ಉಂಟು. ಅಡುಗೆ, ಸ್ನಾನ, ಒಣಹಾಕಿದ ಬಟ್ಟೆ ಎಲ್ಲ ಸೇರಿ ಒಂದು ಸಂಸಾರ ದಿನಕ್ಕೆ ಹಲವು ಲೀಟರ್ ನೀರನ್ನು ಗಾಳಿಗೆ ಸೇರಿಸುತ್ತದೆ. ತಣ್ಣನೆಯ ಗಾಜು, ಗೋಡೆ ಸಿಕ್ಕಲ್ಲಿ ಆ ಆವಿ ನೀರಾಗುತ್ತದೆ. ಮೇಷ್ಟ್ರು ಕಂಡದ್ದು ಇದನ್ನೇ. ಒದ್ದೆ ಉಳಿದಲ್ಲಿ ಬೂಷ್ಟು ಹಿಡಿಯುತ್ತದೆ. 2020ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ಎರಡು ವರ್ಷದ ಮಗುವೊಂದು ತೀರಿಕೊಂಡಿತು. ಮನೆಯ ಬೂಷ್ಟಿನ ಗಾಳಿಯಲ್ಲಿ ದೀರ್ಘಕಾಲ ಬದುಕಿದ್ದೇ ಕಾರಣವೆಂದು 2022ರಲ್ಲಿ ಮರಣ ವಿಚಾರಣೆ ನಡೆಸಿದ ಅಧಿಕಾರಿ ಹೇಳಿದರು. ಆ ಫ್ಲಾಟಿನಲ್ಲಿ ಗಾಳಿಯಾಡುವ ವ್ಯವಸ್ಥೆ ಸಾಲದಾಗಿತ್ತು.

ಹಾಗಾದರೆ ಕಿಟಕಿ ತೆರೆಯಬಹುದಲ್ಲ? ಸೊನ್ನೆಗಿಂತ ಅಷ್ಟು ಕೆಳಗಿನ ಚಳಿಯಲ್ಲಿ ಕಿಟಕಿ ತೆರೆದಿಟ್ಟರೆ ಮನೆ ಬಿಗಿ ಮಾಡಿದ್ದೇ ದಂಡ. ಪೆಟ್ಟಿಗೆಯ ಜಾಣತನ ಇರುವುದು ಇಲ್ಲೇ. ಬಿಸಿ ಹಾಲಿನ ಪಾತ್ರೆಯನ್ನು ತಣ್ಣೀರಿನಲ್ಲಿಟ್ಟರೆ ಹಾಲು ನೀರು ಬೆರೆಯುವುದಿಲ್ಲ, ಶಾಖ ಮಾತ್ರ ದಾಟುತ್ತದೆ. ಹಾಗೆಯೇ ಅಡುಗೆಮನೆ, ಬಚ್ಚಲುಗಳಿಂದ ಹೊರಹೋಗುವ ಬೆಚ್ಚನೆಯ ಗಾಳಿ ತೆಳು ಹಾಳೆಗಳ ಒಂದು ಮಗ್ಗುಲಲ್ಲಿ, ಮಲಗುವ ಕೋಣೆಗಳಿಗೆ ಬರುವ ಹೊಸ ಗಾಳಿ ಇನ್ನೊಂದು ಮಗ್ಗುಲಲ್ಲಿ ಹರಿಯುತ್ತವೆ. ನೂರಕ್ಕೆ 75 ಪಾಲು ಶಾಖ ದಾಟಿದರೂ, ಒಳಗೆ 20, ಹೊರಗೆ ಮೈನಸ್ 20 ಡಿಗ್ರಿ ಇದ್ದಾಗ, ಹೊಸ ಗಾಳಿ 10 ಡಿಗ್ರಿಗೆ ಬೆಚ್ಚಗಾಗಿ ಒಳಬರುತ್ತದೆ. ರೆಜೈನಾದ ಮನೆಯಲ್ಲಿ ಇಂಥದೇ ಪೆಟ್ಟಿಗೆ ಇತ್ತು. 1991ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ವೋಲ್ಫ್‌ಗಾಂಗ್ ಫೈಸ್ಟ್ ಯೋಜಿಸಿದ ಮೊದಲ 'ಪ್ಯಾಸಿವ್ ಹೌಸ್' ಸಾಲುಮನೆಗಳಲ್ಲೂ ಇತ್ತು. ಅದರ ಫಿಲ್ಟರನ್ನು ಆಗಾಗ ತೊಳೆಯಬೇಕು ಅಥವಾ ಬದಲಿಸಬೇಕು. ಅಷ್ಟು ಮಾಡದವರ ಮನೆಯಲ್ಲಿ ಪೆಟ್ಟಿಗೆ ಇದ್ದೂ ಇಲ್ಲದಂತೆಯೇ.

ನಮ್ಮಲ್ಲಿ ಆ ಪೆಟ್ಟಿಗೆ ಬೇಕಿಲ್ಲ, ಹೆಂಚಿನ ಮನೆಯ ಗವಾಕ್ಷಿಯೇ ಸಾಕಿತ್ತು. ಈಗ ಹೆಂಚು ಹೋಗಿ ತಾರಸಿ ಬಂದಿದೆ. ಸದ್ದು, ಧೂಳು, ಸೊಳ್ಳೆ ಬಾರದಂತೆ ಗಾಜಿನ ಕಿಟಕಿ ಜರುಗಿಸಿ ಏಸಿ ಹಾಕಿಕೊಳ್ಳುತ್ತೇವೆ. ಗೋಡೆಗೆ ಹಾಕುವ ಸಾಮಾನ್ಯ ಏಸಿ ಹೊರಗಿನ ಗಾಳಿಯನ್ನು ತರುವುದಿಲ್ಲ, ಒಳಗಿನದನ್ನೇ ಮತ್ತೆ ಮತ್ತೆ ತಣಿಸುತ್ತದೆ ಎಂಬುದು ಎಷ್ಟೋ ಮಂದಿಗೆ ಗೊತ್ತಿಲ್ಲ.

ಅದಕ್ಕಿಂತ ದೊಡ್ಡ ಅಪಾಯ ಬಚ್ಚಲುಮನೆಯದು. ಬಾಗಿಲು, ಗವಾಕ್ಷಿ ಎಲ್ಲ ಮುಚ್ಚಿ ಗ್ಯಾಸ್ ಗೀಸರ್ ಉರಿಸಿದರೆ ಆಮ್ಲಜನಕ ಸಾಲದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಸ್ನಾನಕ್ಕೆ ಹೋದ ಮಕ್ಕಳು ಹೊರಬರಲಿಲ್ಲ ಎಂಬ ಸುದ್ದಿ ಚಳಿಗಾಲದಲ್ಲಿ ನಮ್ಮ ಊರುಗಳಿಂದಲೂ ಬರುತ್ತದೆ. ಇಂಥ ಗೀಸರ್ ಇರಬೇಕಾದದ್ದು ಬಚ್ಚಲಿನ ಹೊರಗೆ, ಬಯಲು ಗಾಳಿಯಲ್ಲಿ.

ಊರಿಗೆ ಮರಳಿದ ಮೇಷ್ಟ್ರು ಬಚ್ಚಲಿನ ಗವಾಕ್ಷಿಗೆ ಸೊಳ್ಳೆಗೆಂದು ತಾವೇ ಬಡಿದಿದ್ದ ರಟ್ಟನ್ನು ಕಿತ್ತು ಜಾಲರಿ ಹೊಡೆಸಿದ್ದಾರೆ. ಗೀಸರನ್ನು ಹೊರಗೋಡೆಗೆ ಸಾಗಿಸಲು ಪ್ಲಂಬರ್ ಬರುವುದು ಬಾಕಿ ಇದೆ. ಅಲ್ಲಿಯವರೆಗೆ ಒಲೆಯ ಮೇಲೆ ನೀರು ಕಾಯಿಸಿ ಸ್ನಾನ.